ಮಸಿಕಂಠನ ತಪ್ಪು ನಾಣ್ಯ

ಬಲು ಹಿಂದೆ, ಬೆಳದಿಂಗಳನ್ನು ಕೊಡದಲ್ಲಿ ತುಂಬಿಡುತ್ತಿದ್ದ ಕಂಕಣಾವತಿಯೆಂಬ ರಾಜ್ಯದಲ್ಲಿ ಕೇತೋಜನೆಂಬ ಯುವಕನಿದ್ದ. ಟಂಕಸಾಲೆಯಲ್ಲಿ ನಾಣ್ಯಕ್ಕೆ ರಾಜನ ಮುಖ ಅಚ್ಚೊತ್ತುವುದು ಅವನ ಕೆಲಸ. ಮೋಡದ ಮೇಲಿನ ಗುಹೆಯಲ್ಲಿ ಮಸಿಕಂಠನೆಂಬ ಮಾಂತ್ರಿಕನಿದ್ದ. ಅಚ್ಚು ತಪ್ಪಿದ ನಾಣ್ಯಗಳನ್ನು ಕೂಡಿಡುವುದು ಅವನ ಹುಚ್ಚು. ಯಾರ ಕೈ ತಪ್ಪಿದರೂ ಇವನಿಗೆ ಹಬ್ಬ.

ಒಂದು ದಿನ ಅಂಥ ನಾಣ್ಯ ಕೇಳಲು ಬಂದ ಮಸಿಕಂಠ ಟಂಕಸಾಲೆಯವರ ಕೆಲಸವನ್ನು ಆಡಿಕೊಂಡು ನಕ್ಕ. ಕೇತೋಜನ ಹೆಂಡತಿ ಬಾಚವ್ವೆ ಸುಮ್ಮನಿರುವವಳೇ? ಕೂಡಿಡುವುದು ಸುಲಭ, ನೀನೊಂದು ಮಾಡಿ ತೋರಿಸು ಅಂದುಬಿಟ್ಟಳು. ಮಾಂತ್ರಿಕನಿಗೆ ಮೈಯೆಲ್ಲ ಉರಿಯಿತು. ಅವಳನ್ನೇ ಚಿನ್ನದ ನಾಣ್ಯ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ.

ಕೇತೋಜ ಅತ್ತ. ಅಳುತ್ತ ಕೂರಲಿಲ್ಲ, ಹೊರಟ. ಮಾತಾಡುವ ಹುಲಿಯೊಂದು ದಾರಿ ತೋರಿಸಿತು, ಮೋಡ ಮೆಟ್ಟಿಲಾಯಿತು, ಗುಹೆ ಸೇರಿದ.

"ನನ್ನ ಹೆಂಡತಿಯನ್ನು ಕೊಡು" ಎಂದ.

ಮಸಿಕಂಠ ಮೂರು ನಾಣ್ಯ ಮುಂದಿಟ್ಟ. ಒಂದರಲ್ಲಿ ರಾಜನಿಗೆ ಎರಡು ಮೂಗು. ಇನ್ನೊಂದರಲ್ಲಿ ಅರ್ಧ ರಾಜ ಅಂಚಿನಾಚೆ ಜಾರಿದ್ದ. ಮತ್ತೊಂದರಲ್ಲಿ ಎರಡು ಬದಿಗೂ ರಾಜನೇ. ತಾನೇ ದೊಡ್ಡ ತಪ್ಪು, ತಾನೇ ದೊಡ್ಡ ತಪ್ಪು ಎಂದು ಮೂರಕ್ಕೂ ಎಷ್ಟೋ ಕಾಲದ ಜಗಳ. ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದೆಂದು ಇವು ಮೂರೂ ಒಪ್ಪುವಂತೆ ಹೇಳಿದರೆ ಹೆಂಡತಿ ನಿನ್ನವಳು, ಇಲ್ಲವಾದರೆ ನೀನೂ ನಾಣ್ಯವಾಗುತ್ತೀಯ ಎಂದ ಮಾಂತ್ರಿಕ.

ಕೇತೋಜ ಎರಡು ಮೂಗಿನದನ್ನು ಹೊಗಳಿದ, ಉಳಿದೆರಡು ಮುನಿಸಿಕೊಂಡವು. ಜಾರಿದ್ದನ್ನು ಹೊಗಳಿದ, ಮಿಕ್ಕೆರಡು ಬೈದವು. ಮೂರನೆಯದನ್ನು ಹೊಗಳುವಷ್ಟರಲ್ಲಿ ಅವನ ಕಾಲ್ಬೆರಳು ಚಿನ್ನವಾಗತೊಡಗಿತ್ತು. ಕೊನೆಗೊಮ್ಮೆ ಬಾಚವ್ವೆಯ ಮುಖವನ್ನಾದರೂ ತೋರಿಸು ಎಂದು ಬೇಡಿಕೊಂಡ.

ಮಾಂತ್ರಿಕ ಬೀಗುತ್ತ ನಾಣ್ಯ ತೆಗೆದುಕೊಟ್ಟ. ನಾನೇ ಮಾಡಿದ್ದು, ಕೂದಲೆಳೆಯಷ್ಟೂ ತಪ್ಪಿಲ್ಲ ಎಂದ. ಒಂದು ಬದಿಗೆ ಬಾಚವ್ವೆಯ ಮುಖ, ಇನ್ನೊಂದು ಬದಿಗೆ ಅವಳ ಜಡೆ. ಕೇತೋಜ ಕಣ್ಣೊರೆಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಇದರಲ್ಲಿ ರಾಜ ಎಲ್ಲಿ?"

ಮೂರು ನಾಣ್ಯಗಳೂ ಉರುಳಾಡಿ ನಕ್ಕವು. ಸೊಟ್ಟಗಾದರೂ ನಮ್ಮಲ್ಲಿ ರಾಜನಿದ್ದಾನೆ, ರಾಜನನ್ನೇ ಮರೆತ ಈ ತಪ್ಪೇ ಎಲ್ಲಕ್ಕಿಂತ ಹಿರಿದು ಎಂದು ಮೊದಲ ಸಲ ಒಪ್ಪಿಕೊಂಡವು. ಊರವರ ತಪ್ಪನ್ನೆಲ್ಲ ಮುದ್ದಾಡುತ್ತಿದ್ದ ಮಾಂತ್ರಿಕನಿಗೆ ತನ್ನದೊಂದು ತಪ್ಪು ಸಹಿಸಲಾಗಲಿಲ್ಲ ನೋಡಿ! ನಾಣ್ಯವನ್ನು ಕಸಿದು ಗುಹೆಯ ಮೂಲೆಯಲ್ಲಿ ಉರಿಯುತ್ತಿದ್ದ ಕುಲುಮೆಗೆ ಎಸೆದ. ಚಿನ್ನ ಕರಗಿತು, ಜೊತೆಗೇ ಮಂತ್ರವೂ ಕರಗಿತು. ಬಾಚವ್ವೆ ನಿದ್ದೆಯಿಂದ ಎದ್ದವಳ ಹಾಗೆ ಆಕಳಿಸುತ್ತ ಬೆಂಕಿಯಿಂದ ಹೊರಗೆ ಬಂದಳು. ಕೇತೋಜನ ಕಾಲ್ಬೆರಳು ಬೆಚ್ಚಗಾಯಿತು. ಮಸಿಕಂಠ ಹೊಗೆಯಾಗಿ ಹೋದ.

ಮರುದಿನ ಟಂಕಸಾಲೆಯಲ್ಲಿ ಕೇತೋಜ ಸುತ್ತಿಗೆ ಎತ್ತಿದಾಗಲೆಲ್ಲ ಬಾಗಿಲಲ್ಲಿ ನಿಂತ ಹೆಂಡತಿಯನ್ನೇ ನೋಡುತ್ತಿದ್ದ. ಅಷ್ಟು ಸಂತೋಷ ಅವನಿಗೆ. ಸಂಜೆ ರಾಜ ಬಂದು ನೋಡಿದರೆ ಒಂದು ನಾಣ್ಯವೂ ನೆಟ್ಟಗಿಲ್ಲ. ರಾಜ ತನ್ನ ಸೊಟ್ಟ ಮುಖಗಳನ್ನು ನೋಡಿದ, ಅವರಿಬ್ಬರನ್ನೂ ನೋಡಿದ, ಇರಲಿ ಬಿಡು ಎಂದ. ಕಂಕಣಾವತಿಯ ಜನ ಆ ಸೊಟ್ಟ ನಾಣ್ಯಗಳಲ್ಲೇ ಸಂತೆ ಮಾಡಿಕೊಂಡು, ಉಂಡುಟ್ಟು, ನಗುನಗುತ್ತ ಬಾಳಿದರು.