ಉಸಿರು ತಾಗಿಸಬಾರದ ವಿಮಾನ

"ಏನಾದ್ರೂ ಮಾಡಪ್ಪ, ಇದಕ್ಕೆ ಉಸಿರು ಮಾತ್ರ ತಾಗಿಸಬೇಡ," ಎಂದು ಅಚ್ಚಿನಜ್ಜ ಹೇಳಿದಾಗ ಹೊಸ ಬಣ್ಣಗಾರ ಫಕ್ಕನೆ ನಕ್ಕುಬಿಟ್ಟ.

ವಿಮಾನ, ಹಡಗುಗಳ ಪುಟ್ಟ ಮಾದರಿಗಳನ್ನು ಮಾಡಿಕೊಡುವ ಆ ಅಂಗಡಿಯಲ್ಲಿ ಅಜ್ಜನದು ಅಚ್ಚು ಹೊಯ್ಯುವ ಕೆಲಸ. ಯಜಮಾನರ ಅಪ್ಪಣೆಯೆಂದು ಅವನು ಮೇಲಿನ ಕಪಾಟಿನಿಂದ ಒಲ್ಲದ ಮನಸ್ಸಿನಿಂದಲೇ ಇಳಿಸಿದ್ದು ಮೊಳದುದ್ದದ ಒಂದು ವಿಮಾನ. ರೆಕ್ಕೆ, ಬಾಲ, ಚಕ್ರ ಎಲ್ಲ ಕೂಡಿಸಿ, ಬೂದುಬಣ್ಣದ ಮೊದಲ ಕೋಟು ಹೊಡೆದು, ಯಾರೋ ಅಲ್ಲಿಗೇ ಬಿಟ್ಟಿದ್ದರು. ಅದಿನ್ನು ಎರಡೇ ದಿನದಲ್ಲಿ ಪೈಲಟ್‌ಗಳ ಶಾಲೆಯೊಂದರ ಹಜಾರದಲ್ಲಿ ನಿಲ್ಲಬೇಕಿತ್ತು.

"ಹಳೇ ಬಣ್ಣಗಾರ ಶುರು ಮಾಡಿದ್ದು ಇದು. ಅರ್ಧ ಕೆಲಸ ಅಂದ್ರೆ ಅರ್ಧ ಹೆಣ ಅನ್ನೋನು," ಅಜ್ಜ ದನಿ ತಗ್ಗಿಸಿದ. "ಎದೆ ಕೆಟ್ಟು, ಇನ್ನು ಉಳಿಯಲ್ಲ ಅಂತ ಗೊತ್ತಾದ ಮೇಲೆ ಇದನ್ನ ಮುಗಿಸೋವರೆಗೂ ಉಸಿರು ಇಲ್ಲೇ ಉಳೀಲಿ ಅಂತ ಯಾರೋ ಮಾಟಗಾರನ ಹತ್ರ ಹೋಗಿ ಸೀಸದ ಗುಂಡು ಮಂತ್ರಿಸಿಕೊಂಡು ಬಂದ. ವಿಮಾನ ಬಾಲದ ಮೇಲೆ ಕೂರಬಾರದು ಅಂತ ಮೂಗಲ್ಲಿ ತೂಕ ಇಡ್ತೀವಲ್ಲ, ಅಲ್ಲಿ ಅದನ್ನೇ ಇಟ್ಟ. ಪೈಲಟ್ ಕೂರೋ ಜಾಗಕ್ಕೆ ಗಾಜು ಮುಚ್ಚಿದ ದಿನವೇ ಸತ್ತ. ಅವನ ಉಸಿರು ಆ ಗಾಜಿನೊಳಗೇ ಇದೆ. ಇನ್ನೊಬ್ಬರದ್ದು ತಾಗಿದ್ರೆ ಎಳ್ಕೊಳ್ಳುತ್ತೆ."

ಗಾಜಿನ ಒಳಮೈಯಲ್ಲಿ ಉಗುರಿನಷ್ಟು ಮಂಜು ಕಟ್ಟಿತ್ತು.

"ಸೂಪರ್ ಗ್ಲೂ ಹೊಗೆಗೆ ಗಾಜು ಹೀಗೇ ಮಂಕಾಗುತ್ತೆ, ಅಜ್ಜ. ನಿಮ್ಮ ಬಣ್ಣಗಾರನಿಗೆ ಅಂಟು ಹಾಕೋಕೆ ಬರ್ತಿರಲಿಲ್ಲ, ಅಷ್ಟೇ."

ಹಾಗೆಂದವನೇ ಬಣ್ಣ ಚಿಮ್ಮಿಸುವ ಕಂಪ್ರೆಸರ್ ಹಚ್ಚಿದ. ಅಜ್ಜನ ತುಟಿಗಳು ಇನ್ನೂ ಆಡುತ್ತಿದ್ದವು. ಆ ಮಾತು ಸದ್ದಿನಲ್ಲಿ ಮುಳುಗಿಹೋಯಿತು. ಕೇಳುವ ವ್ಯವಧಾನ ಇವನಿಗೂ ಇರಲಿಲ್ಲ.

ಬಿಳಿ ಹೊಟ್ಟೆ, ನೀಲಿ ಪಟ್ಟೆ, ರೆಕ್ಕೆಯ ಅಂಕಿಗಳು ಎಲ್ಲ ಮರುದಿನ ಮಧ್ಯಾಹ್ನಕ್ಕೆ ಮುಗಿದವು. ಉಳಿದದ್ದು ಕೊನೆಯ ವಾರ್ನಿಷ್. ಅಂಗಡಿಯ ಧೂಳಿನಲ್ಲಿ ವಾರ್ನಿಷ್ ಹೊಡೆದರೆ ವಿಮಾನಕ್ಕೆ ಮೀಸೆ ಬರುತ್ತದೆಂದು ಅವನು ಅದನ್ನು ಮನೆಗೆ ತಂದ. ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ಅವನನ್ನು ಬೆಳೆಸಿದವಳು ಅವಳು. ಮೊಣಕಾಲು ತರಚಿಕೊಂಡು ಬಂದಾಗಲೆಲ್ಲ ಮೊದಲು ಬೈದು, ಆಮೇಲೆ ಗಾಯಕ್ಕೆ ಉಫ್ ಉಫ್ ಎಂದು ಊದುತ್ತಿದ್ದಳು. ಅವಳು ಊದಿದರೆ ನೋವು ನಿಜವಾಗಿಯೂ ಹೋಗುತ್ತಿತ್ತು. ಆರಡಿ ಬೆಳೆದ ಮೇಲೂ ಅವಳಿಗೆ ಅವನು ಚೋಟುವೇ.

"ಏನೋ ಚೋಟು, ಇದಾದ್ರೂ ಹಾರುತ್ತೋ, ಇಲ್ಲ ನಿನ್ನ ಹಾಗೆ ಕೂತಲ್ಲೇ ಕೂತಿರುತ್ತೋ?" ಶುಂಠಿ ಚಹಾ ಕುಡಿಯುತ್ತ ಅಕ್ಕ ಒಳಗೆ ಬಂದಳು.

ಅವನ ಮುಖಕ್ಕೆ ಮಾಸ್ಕ್ ಇತ್ತು. ಒಂದು ಕೈಯಲ್ಲಿ ವಿಮಾನ, ಇನ್ನೊಂದರಲ್ಲಿ ಸ್ಪ್ರೇ. ಗಾಜಿನ ಪಕ್ಕದಲ್ಲೇ ಒಂದು ನೂಲಿನೆಳೆ ಬಿದ್ದಿತ್ತು.

"ಅಕ್ಕ, ಆ ಎಳೆ ಸ್ವಲ್ಪ ಊದು. ಊದಬಾರದಂತೆ, ದೆವ್ವ ಹಿಡಿಯುತ್ತಂತೆ."

"ನಿನ್ನಂಥ ದೆವ್ವಾನೇ ಸಾಕಿದೀನಿ, ಇದ್ಯಾವ ಮಹಾ," ಎಂದು ಬಗ್ಗಿ ಉಫ್ ಎಂದು ಊದಿದಳು. ಎಳೆ ಹಾರಿತು. ಅವಳು ಲೋಟ ಹಿಡಿದು ಅಡುಗೆಮನೆಗೆ ಹೋದಳು.

ಅವನು ವಾರ್ನಿಷ್ ಹೊಡೆದ. ಕೋಣೆ ತುಂಬ ಘಾಟು ವಾಸನೆ. ಅದರ ಅಡಿಯಿಂದ ಇನ್ನೊಂದು ವಾಸನೆ ಮೇಲೆದ್ದಿತು, ರೋಗಿಯ ಕೋಣೆಯ ಕೆಮ್ಮಿನ ಔಷಧಿಯದ್ದು. ಗಾಜಿನೊಳಗಿನ ಮಂಜು ಹರಡಿತ್ತು. ನೋಡುತ್ತಿದ್ದಂತೆ ಕುಗ್ಗಿತು. ಮತ್ತೆ ಹರಡಿತು. ಅಂಟಿನ ಹೊಗೆ ಹಾಗೆ ಹೋಗಿ ಬಂದು ಮಾಡುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು.

ಅಕ್ಕ ನೆಲದ ಮೇಲೆ ಕುಳಿತಿದ್ದಳು. ಬಾಯಿ ತೆರೆದಿತ್ತು. ಸದ್ದಿಲ್ಲ. ಎದೆ ಏಳುತ್ತಿಲ್ಲ. ಕಣ್ಣು ಮಾತ್ರ ಅವನನ್ನೇ ಹುಡುಕುತ್ತಿತ್ತು. ತುಟಿ ನೀಲಿಯಾಗುತ್ತಿತ್ತು. ಊದಲು ಹೇಳಿದವನು ತಾನೇ.

ಅವಳನ್ನು ಎತ್ತಿಕೊಂಡು ಕೋಣೆಗೆ ತಂದ. ಅಜ್ಜನಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಮೇಜಿನ ಮೇಲೆಸೆದ. ಗಾಜಿನಲ್ಲೀಗ ಎರಡು ಮಂಜು. ಒಂದು ದೊಡ್ಡದು, ನಿಧಾನ. ಇನ್ನೊಂದು ಸಣ್ಣದು, ಬೇಗ ಬೇಗ. ವಾರ್ನಿಷ್ ಒಣಗುತ್ತಿತ್ತು. ಸಣ್ಣದು ಇನ್ನೂ ಸಣ್ಣದಾಗುತ್ತಿತ್ತು. ಅವನು ಚಾಕು ಎತ್ತಿದ. ಹಿಡಿಯಿಂದ ಗಾಜಿಗೆ ಹೊಡೆದ. ಮತ್ತೆ ಹೊಡೆದ. ಗಾಜು ಒಡೆಯಿತು.

"ಗಾಜು ಒಡೀಬೇಡ," ಒಡೆಯುವ ಸದ್ದು ಕೇಳಿಯೇ ಇರಬೇಕು, ಫೋನಿನಲ್ಲಿ ಅಜ್ಜನ ದನಿ. "ನಿನ್ನೆ ಅದನ್ನೇ ಹೇಳ್ತಿದ್ದೆ. ತೆರೆದ್ರೆ ಮೊದಲು ಹೊರಗೆ ಬರೋನು ಅವನೇ. ಖಾಲಿ ಮೈ ಸಿಕ್ಕಿದ್ರೆ ಹೊಕ್ಕುಬಿಡ್ತಾನೆ."

ಔಷಧಿಯ ವಾಸನೆ ಅವನ ಕೆನ್ನೆ ಸವರಿಕೊಂಡು ಹೋಯಿತು. ಅವನ ಬೆನ್ನ ಹಿಂದೆ ಅಕ್ಕ ದೀರ್ಘವಾಗಿ ಉಸಿರೆಳೆದುಕೊಂಡಳು. ಆಮೇಲೆ ಕೆಮ್ಮಿದಳು. ಅದು ಗಂಡಸಿನ ಕೆಮ್ಮು.

ಅವನು ಒಡೆದ ಗಾಜಿನ ಬಾಯಿಗೆ ಅಂಗೈ ಒತ್ತಿ ಹಿಡಿದ. ಚೂರುಗಳು ಚರ್ಮದೊಳಗಿಳಿದವು. ರಕ್ತ ಬಿಳಿ ಹೊಟ್ಟೆಯ ಮೇಲೆ ಇಳಿಯಿತು.

"ಅಜ್ಜ, ಅಕ್ಕ ಇನ್ನೂ ಒಳಗಿದಾಳಾ?"

"ಕೈ ತೆಗೀಬೇಡ ಮಗಾ," ಅಜ್ಜ ಅಳುತ್ತಿದ್ದ. "ಅವಳಿಗೆ ಹೋಗೋಕೆ ಮೈ ಇಲ್ಲ. ತೆಗೆದ್ರೆ ಗಾಳೀಲಿ ಗಾಳಿ."

ಅಕ್ಕ ಎದ್ದು ಬಂದಳು. ಮೇಜಿನಿಂದ ಅತಿ ಸಣ್ಣ ಕುಂಚವನ್ನೇ ಆರಿಸಿದಳು. ಹುಟ್ಟಿದಾಗಿನಿಂದ ಕುಂಚ ಮುಟ್ಟದವಳು ಅದನ್ನು ಮೂರು ಬೆರಳಲ್ಲಿ ಹಿಡಿದು, ಕಿರುಬೆರಳನ್ನು ಮೇಜಿಗೂರಿ, ಬಗ್ಗಿ ನೋಡಿದಳು.

"ಕೈ ತೆಗಿ, ತಮ್ಮಾ," ಗೊಗ್ಗರು ದನಿ ಹೇಳಿತು. "ಮುಗಿಸ್ತೀನಿ. ಅರ್ಧ ಕೆಲಸ ಅಂದ್ರೆ ಅರ್ಧ ಹೆಣ."

ಅವನು ಕೈ ತೆಗೆಯಲಿಲ್ಲ. ಅಂಗೈ ಧಗಧಗ ಉರಿಯುತ್ತಿತ್ತು. ಆಗ ಅದರ ಕೆಳಗೆ, ಗಾಜಿನೊಳಗಿನಿಂದ, ಬೆಚ್ಚಗೆ, ಶುಂಠಿಯ ವಾಸನೆಯೊಂದಿಗೆ, ಯಾರೋ ಅವನ ಗಾಯಕ್ಕೆ ಮೆಲ್ಲಗೆ ಊದತೊಡಗಿದರು.