ಬೇಡವಾದ ಟೇಕ್

ಬೀಗ ಒಡೆದಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಜಿನ ಮೇಲೆ ಕಂಪ್ಯೂಟರ್ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು.

ಕೊಲ್ಹಾಪುರದ ಹತ್ತಿರದ ಇಚಲಕರಂಜಿಯ ಆ ಗಲ್ಲಿಯಲ್ಲಿ ಕೆಳಗೆ ಪವರ್‌ಲೂಮ್ ಶೆಡ್, ಮೇಲೆ ಸಿದ್ದಾರೂಢ ಮಾಸ್ತರರ ರೆಕಾರ್ಡಿಂಗ್ ಸ್ಟುಡಿಯೋ. ಮಗ್ಗಗಳಿಗೆ ರಜೆ ಇರುವ ಶುಕ್ರವಾರ ಮಾತ್ರ ಅಲ್ಲಿ ಹಾಡು. ಮಿಕ್ಕ ದಿನ ಬರೀ ಖಟಪಟ. ಇಂದು ಸೋಮವಾರ. ಸಬ್ ಇನ್ಸ್‌ಪೆಕ್ಟರ್ ಕಾಂಚನ ಮಗದುಮ್ ಬಂದಾಗ ಮಾಸ್ತರರು ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು.

"ಏನೇನ್ ಹೋಗೇತ್ರಿ ಮಾಸ್ತರ?"

"ಕಂಪ್ಯೂಟರ್ ಒಂದು, ಬ್ಯಾಕಪ್ ಡಿಸ್ಕ್ ಒಂದು. ಆರು ಹಾಡು ಅದರಾಗ ಇದ್ವು ಮ್ಯಾಡಮ್."

ಕಾಂಚನ ಮೈಕಿನ ಕಡೆ ನೋಡಿದಳು. ಅದು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು.

"ಇದು ಕಂಪ್ಯೂಟರಿಗಿಂತ ತುಟ್ಟಿ ಅಲ್ರೀ?"

"ಹೌದ್ರಿ. ದುಪ್ಪಟ್ಟು."

"ಮತ್ತ ಇದನ್ಯಾಕ ಬಿಟ್ಟು ಹೋಗ್ಯಾನ?"

ಮಾಸ್ತರರು ಮತ್ತೆ ತಲೆಗೆ ಕೈಹೊತ್ತರು.

ಸುದ್ದಿ ಕೇಳಿ ಬಂದ ಮಯೂರಿ ಮೂಲೆಯಲ್ಲಿ ನಿಂತಿದ್ದಳು. ಗಡಹಿಂಗ್ಲಜದ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ಟೀಚರ್ ಆಗಿದ್ದಳು ಅನ್ನಬೇಕು. ನಾಲ್ಕು ತಿಂಗಳ ಹಿಂದೆ ಥೈರಾಯ್ಡ್ ಗಂಟಿನ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಈಗ ಪಿಸುಮಾತು ಬಿಟ್ಟು ಬೇರೇನೂ ಹೊರಡದು. ಹಾಗಾಗುವ ಸಂಭವ ಇದೆಯೆಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಅದಕ್ಕೇ ಆಪರೇಷನ್ನಿಗೆ ಮೊದಲು ಶುಕ್ರವಾರಕ್ಕೊಮ್ಮೆ ಬಸ್ ಹಿಡಿದು ಬಂದು, ತಾನೇ ಬರೆದ ಹಾಡುಗಳನ್ನು ಇಲ್ಲಿ ಹಾಡಿಟ್ಟಿದ್ದಳು. ಮೂರು ಕನ್ನಡ, ಮೂರು ಮರಾಠಿ. ರಾಗ ಮಾಸ್ತರರದು. ಕೆಲಸ ಪೂರ್ತಿ ಮುಗಿಯುವ ತನಕ ಪ್ರತಿ ಕೊಡುವುದಿಲ್ಲ ಎಂಬುದು ಮಾಸ್ತರರ ನಿಯಮ. ಅವಳ ಬಳಿ ಒಂದೂ ಇರಲಿಲ್ಲ.

"ನನ್ನ ದನಿ ಹುಡುಕಿ ಕೊಡ್ರಿ," ಎಂದು ಪಿಸುಗುಟ್ಟಿದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕತ್ತಿನ ನರ ಉಬ್ಬಿತು. ಕಾಂಚನ ಮಾಸ್ತರರ ಕಡೆ ತಿರುಗಿದಳು.

"ನಿಮ್ಮ ಮ್ಯಾಲೆ ಸಿಟ್ಟಿದ್ದವ್ರು ಯಾರರ ಇದ್ದಾರೇನ್ರಿ ಮಾಸ್ತರ?"

"ಜಿನೇಶ. ನನ್ನ ಪಾರ್ಟ್ನರ್ ಇದ್ದ. ಸಾಫ್ಟ್‌ವೇರ್ ಸಲುವಾಗಿ ಜಗಳಾಡಿ ಬಿಟ್ಟು ಹೋದ."

"ಸಾಫ್ಟ್‌ವೇರ್ ಸಲುವಾಗಿ?"

ಕೇಳಿದ್ದೇ ತಡ, ಮನೆ ಮುಳುಗಿದಂತೆ ಕೂತಿದ್ದ ಮನುಷ್ಯನ ಮುಖಕ್ಕೆ ಕಳೆ ಬಂತು.

"ಇಲ್ಲಿ ಭಾಳ ಮಂದಿ ವಿಂಡೋಸ್ ಮ್ಯಾಲೆ ಕ್ರ್ಯಾಕ್ ಮಾಡಿದ್ದು ಹಾಕ್ತಾರ್ರಿ. ಅಂದ್ರ ಕದ್ದಿದ್ದು. ಜಿನೇಶಗೂ ಅದ ಬೇಕಾಗಿತ್ತು. ಕದ್ದ ಮಾಲಿನ ಮ್ಯಾಲೆ ನಾ ಹಾಡು ಮಾಡಂಗಿಲ್ಲ ಅಂದೆ. ಲಿನಕ್ಸ್ ಹಾಕಿದೆ. ಹಾಡು ಮಾಡೂ ಮೂರು ಸಾಫ್ಟ್‌ವೇರ್ ತಗೊಂಡು ತಿಂಗಳಗಟ್ಲೆ ನೋಡಿದೆ. ಎಲ್‌ಎಮ್‌ಎಮ್‌ಎಸ್ ಬೀಟ್ ಕೂಡಸಾಕ ಛಲೋ, ಆದ್ರ ನಾ ಹಾಕಿದ್ದರಾಗ ಹಾಡವ್ರ ದನಿ ರೆಕಾರ್ಡ್ ಆಗಂಗಿಲ್ಲ. ರೀಪರ್ ಹಗುರ, ಭಾಳ ಛಲೋ. ಆದ್ರ ಕೊಳ್ಳಬೇಕು. ಅರವತ್ತು ದಿನ ಪುಕ್ಕಟೆ, ಆಮ್ಯಾಲೂ ತೆರೀತದ. ಕೊಳ್ಳದ ನಡಸಿದ್ರ ಅದೂ ಕಳವೇ ಅಲ್ರಿ? ಕಡೀಕ ಆರ್ಡೋರ್ ಆರಿಸಿದೆ."

"ಅದರಾಗ ಏನ್ ವಿಶೇಷ?"

"ಏನೂ ಕಳಿಯೂದಿಲ್ರಿ. ಬ್ಯಾಡಂತ ತಗದ ಟೇಕ್ ಸೈತ ಫೋಲ್ಡರಿನಾಗ ಹಂಗ ಕುಂತಿರ್ತದ. ನಾವಾಗಿ ಸ್ವಚ್ಛ ಮಾಡೂತನಕ."

ಕಾಂಚನ ಬರೆದುಕೊಂಡಳು. ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಸಹೋದ್ಯೋಗಿಗಳು ಇದಕ್ಕೆ ನಗುತ್ತಾರೆ.

* * *

ಜಿನೇಶ ದಾನೋಳಿಯಲ್ಲಿ ಬದನೆ ಹೊಲಕ್ಕೆ ನೀರು ಬಿಡುತ್ತಿದ್ದ. ಪೊಲೀಸ್ ಜೀಪು ಕಂಡು ಅವನ ಕೈಯಲ್ಲಿದ್ದ ಪೈಪು ಕೆಳಗೆ ಬಿತ್ತು.

"ಜಗಳಾಡೇನ್ರಿ. ‘ನಿನ್ನ ಕಂಪ್ಯೂಟರ್ ಪಂಚಗಂಗಾದಾಗ ಒಗೀತೇನಿ’ ಅಂತನೂ ಅಂದೇನಿ. ಸಿಟ್ಟಿನಾಗ ಅಂದದ್ದು."

"ರವಿವಾರ ಎಲ್ಲಿದ್ದಿ?"

"ಮನ್ಯಾಗ. ಒಬ್ಬನ. ಮನಿ ಮಂದಿ ಲಗ್ನಕ್ಕ ಹೋಗಿದ್ರು."

ಇದಕ್ಕಿಂತ ಕೆಟ್ಟ ಸಾಕ್ಷಿ ಬೇಕೆಂದರೂ ಸಿಗದು.

"ಆರ್ಡೋರ್ ಬರ್ತದೇನು?"

"ನಾ ಎಲ್‌ಎಮ್‌ಎಮ್‌ಎಸ್‌ನಾಗ ಬೀಟ್ ಮಾಡಿ ಕೊಡ್ತಿದ್ದೆ, ಅಷ್ಟ. ಆರ್ಡೋರ್ ಮುಟ್ಟಿಲ್ರಿ. ಒಮ್ಮೆ ಅಳಿಸಿದ್ದು ಮತ್ತ ಸಿಗೂದಿಲ್ಲಲ್ಲ, ಅಂಜಿಕಿ."

"ಮಯೂರಿ ಹಾಡಿದಾಗ ಇದ್ದೇನು?"

"ಆಕಿ ಬರೂಕಿಂತ ಮೊದ್ಲ ನಾ ಬಿಟ್ಟು ಬಂದೇನಿ."

* * *

ಹತ್ತನೆಯ ದಿನಕ್ಕೆ ಹಾಡೊಂದು ಹೊರಬಂತು. ಯೂಟ್ಯೂಬಿನಲ್ಲಿ, ರೀಲುಗಳಲ್ಲಿ, ರಿಕ್ಷಾಗಳಲ್ಲಿ ಅದೇ ಹಾಡು. ಗಾಯಕಿ: ಸಾಯಲಿ. ನಿರ್ಮಾಪಕ: ಕೊಲ್ಹಾಪುರದಲ್ಲಿ ಆರ್ಕೆಸ್ಟ್ರಾ ನಡೆಸುವ ಕಾಕಾಸಾಹೇಬ. ವೀಡಿಯೊದಲ್ಲಿ ಸಾಯಲಿ ರಂಕಾಳಾ ಕೆರೆಯ ದಂಡೆಯ ಮೇಲೆ ಕೂದಲು ಹಾರಿಸುತ್ತ ತುಟಿ ಆಡಿಸುತ್ತಾಳೆ. ತುಟಿ ಮಾತ್ರ ಅವಳದು. ಎರಡು ಸಾಲು ಕೇಳಿ ಮಯೂರಿ ಠಾಣೆಗೆ ಸಂದೇಶ ಕಳಿಸಿದಳು: ದನಿ ನನ್ನದು.

ಕಾಕಾಸಾಹೇಬರ ಆಫೀಸಿನಲ್ಲಿ ಕಾಂಚನ ಕುರ್ಚಿ ಎಳೆದುಕೊಂಡು ಕೂತಳು.

"ಸಾಯಲಿ, ಎರಡ ಸಾಲು ಹಾಡವಾ. ಇಲ್ಲೇ."

ಸಾಯಲಿ ಕಾಕಾಸಾಹೇಬರ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಘಸಾ ಬಸಲಾಯ್, ಮ್ಯಾಡಮ್. ಆಕಿ ಗಂಟಲ ಕಟ್ಟೇತಿ," ಎಂದರು ಕಾಕಾಸಾಹೇಬರು.

"ನಿಮ್ಮದೂ ಕಟ್ಟೂದರಾಗ ಖರೆ ಹೇಳಿಬಿಡ್ರಿ."

ಅರ್ಧ ಗಂಟೆ ಹಿಡಿಯಿತು. ಕಡೆಗೆ ಕಾಕಾಸಾಹೇಬರು ಬೆವರು ಒರೆಸಿಕೊಂಡು ಒಂದು ಹೆಸರು ಹೇಳಿದರು.

"ಪೆನ್ ಡ್ರೈವ್ ತಂದು ಕೊಟ್ಟಾಂವ ಜಿನೇಶ. ದಾನೋಳಿಯಾಂವ."

ಸಂಜೆಯೊಳಗೆ ಜಿನೇಶ ಲಾಕಪ್ಪಿನಲ್ಲಿದ್ದ. ಠಾಣೆಯ ದೊಡ್ಡ ಸಾಹೇಬರು ಕಾಂಚನಳ ಬೆನ್ನು ತಟ್ಟಿದರು. ಕೇಸು ಮುಗಿಯಿತು ಎಂದರು. ಅವಳಿಗೆ ಮಾತ್ರ ಸಮಾಧಾನವಿಲ್ಲ. ಹೆಸರು ಊರಿನ ಸಮೇತ, ಬಾಯಿಪಾಠ ಮಾಡಿದಂತೆ ಬಂದಿತ್ತು.

* * *

ಮರುದಿನ ಗಡಹಿಂಗ್ಲಜ. ಮಯೂರಿಯ ಮನೆಯ ಹೊರಸಾಲೆಯಲ್ಲಿ ಕಾಂಚನ ಫೋನಿನಲ್ಲಿ ಹಾಡು ಹಚ್ಚಿದಳು. ಮಯೂರಿ ಇಲ್ಲಿಯತನಕ ಅದನ್ನು ಪೂರ್ತಿ ಕೇಳಿರಲಿಲ್ಲ. ಕೇಳುವ ಧೈರ್ಯ ಆಗಿರಲಿಲ್ಲ.

ಕಣ್ಣು ಮುಚ್ಚಿ ಕೇಳಿದಳು. ಎರಡನೇ ಚರಣದಲ್ಲಿ ಬೆರಳೆತ್ತಿದಳು. ಕಾಂಚನ ನಿಲ್ಲಿಸಿದಳು.

"ಇಲ್ಲಿ ನನ್ನ ಉಸುರು ಹರೀತಿತ್ರಿ. ಮುಂದಿನ ಶುಕ್ರವಾರ ಸರಿ ಮಾಡೂನು ಅಂದಿದ್ರು. ಅಷ್ಟರಾಗ ಆಪರೇಷನ್ ಆತು."

"ಈಗ ಹರೀದಿಲ್ಲಲ್ಲ?"

"ಇಲ್ಲ. ಬ್ಯಾರೆ ಟೇಕಿಂದ ತಂದು ಕೂಡ್ಸ್ಯಾರ. ಭಾಳ ಛಲೋ ಕೂಡ್ಸ್ಯಾರ."

"ಯಾವ ಟೇಕ್?"

ಮಯೂರಿ ತನ್ನ ಮುಂಗೈ ಮುಟ್ಟಿ ತೋರಿಸಿದಳು. "ಕೇಳ್ರಿ. ಬಳಿ."

ಮೂರನೆಯ ಸಲ ಕಾಂಚನಳಿಗೂ ಕೇಳಿಸಿತು. ಕಿಣ್. ಒಂದೇ ಸಲ.

"ನಾದಿನಿ ಲಗ್ನದಾಗ ಹಸಿರು ಬಳಿ ಇಟ್ಟಿದ್ದೆ. ಪೂಜಿ ಆಗೂತನಕ ತಗೀಬಾರದು ಅಂದಿದ್ರು ಅತ್ತಿ. ಹಂಗ ಹಾಡಿದೆ. ಬಳಿ ಸದ್ದಾಗ್ತದ, ಈ ಟೇಕ್ ಬ್ಯಾಡ ಅಂದ್ರು. ನನ್ನ ಮುಂದ ಅಳಿಸಿದ್ರು. ಆಮ್ಯಾಲೆ ಕೈಗೆ ಸೆರಗು ಸುತಗೊಂಡು ಮತ್ತ ಹಾಡಿದೆ."

"ಅವತ್ತ ಸ್ಟುಡಿಯೋದಾಗ ಯಾರ್ಯಾರಿದ್ರಿ?"

"ನಾವಿಬ್ಬರ. ನಾನು, ಮತ್ತ..."

ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು.

"ಇಲ್ರಿ. ಮಾಸ್ತರು ಹಂಗ ಮಾಡೂದಿಲ್ರಿ."

ಕಾಂಚನ ಟಿಪ್ಪಣಿ ಪುಸ್ತಕದ ಮೊದಲ ದಿನದ ಹಾಳೆ ತೆರೆದಳು. ಏನೂ ಕಳಿಯೂದಿಲ್ರಿ, ಎಂದು ಅಲ್ಲಿ ಬರೆದಿತ್ತು.

* * *

ಪವರ್‌ಲೂಮ್ ಶೆಡ್ಡಿನ ಹಿಂದೆ ನೂಲು ಇಡುವ ಹಳೆಯ ಖೋಲಿ. ಅದರ ಕೀಲಿ ಮಾಸ್ತರರ ಜೇಬಿನ ಗೊಂಚಲಿನಲ್ಲೇ ಇತ್ತು. ಸಾಕ್ಷಿಗೆ ಕರೆದ ಪಂಚರಿಬ್ಬರ ಮುಂದೆ ಕಾಂಚನ ಬಾಗಿಲು ತೆಗೆಸಿದಳು. ನೂಲಿನ ಚೀಲಗಳ ಹಿಂದೆ ಕಂಪ್ಯೂಟರ್, ಡಿಸ್ಕು, ಹೆಡ್‌ಫೋನು. ಕಳುವಾದ ಮಾಲು ಸ್ಟುಡಿಯೋದಿಂದ ಮೂವತ್ತು ಹೆಜ್ಜೆ ಆಚೆ ಹೋಗಿರಲಿಲ್ಲ.

ಮಯೂರಿ ಹೊಸ್ತಿಲಲ್ಲಿ ನಿಂತಿದ್ದಳು. ಮಾಸ್ತರರು ಅವಳ ಕಡೆ ನೋಡಲಿಲ್ಲ.

"ತುಟ್ಟಿ ಮೈಕ್ ಬಿಟ್ಟಾಂವಗ ಹಾಡ ಬೇಕಾಗಿದ್ವು," ಎಂದಳು ಕಾಂಚನ. "ಹಾಡು ಕದ್ದಾಂವ ಹರದ ಉಸುರಿಗೆ ತ್ಯಾಪಿ ಹಾಕ್ಯಾನ. ಕಳ್ಳಗ ಯಾಕ ಬೇಕ್ರಿ ಆ ಉಸಾಬರಿ? ಹಾಡು ಕಟ್ಟಿದವಗ ಬೇಕು. ತ್ಯಾಪಿ ತಂದದ್ದು ಅಳಿಸಿದ ಟೇಕಿಂದ. ಅಳಿಸಿದ್ದು ಉಳದಿರ್ತದ ಅನ್ನೂದು ಜಿನೇಶಗ ಗೊತ್ತ ಇಲ್ಲ. ಕಾಕಾಸಾಹೇಬಗ ಆ ಟೇಕ್ ಇತ್ತು ಅನ್ನೂದ ಗೊತ್ತಿಲ್ಲ. ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಾಕಿ ಅದು ಅಳಿಸಿಹೋತು ಅಂತ ತಿಳದಾಕಿ. ಇನ್ನೊಬ್ಬರು ನೀವು."

ಮಾಸ್ತರರು ನೂಲಿನ ಚೀಲದ ಮೇಲೆ ಕುಸಿದು ಕೂತರು.

"ಹಾಡಿಗೆ ಸ್ಟೇಜಿನ ಮ್ಯಾಲೆ ನಿಲ್ಲವ್ರು ಬೇಕ್ರಿ ಮ್ಯಾಡಮ್. ಈಕಿ ನಿಂತು ಏನ್ ಮಾಡ್ಯಾಳು? ಇಪ್ಪತ್ತೆರಡು ವರ್ಷ ರಾಗ ಕಟ್ಟೇನಿ. ಒಂದೂ ಈ ಗಲ್ಲಿ ದಾಟಿಲ್ಲ. ಇದೊಂದರ ದಾಟಲಿ ಅಂದೆ. ಕೇಳಿದ್ರ ಈಕಿ ಒಲ್ಲೆ ಅಂತಿದ್ಲು."

"ಕೇಳಿದ್ರೇನು?"

"ಇಲ್ರಿ."

"ಜಿನೇಶನ ಹೆಸರು?"

"ಕಾಕಾಸಾಹೇಬಗ ಪೆನ್ ಡ್ರೈವ್ ಕೊಟ್ಟಾಗ ನಾನ ಹೇಳಿಕೊಟ್ಟೆ."

"ಕದ್ದ ಸಾಫ್ಟ್‌ವೇರ್ ಮುಟ್ಟಂಗಿಲ್ಲ ಅಂದವ್ರು ನೀವು," ಎಂದಳು ಕಾಂಚನ. ಇಂಥ ಹೊತ್ತಿನಲ್ಲಿ ಸಿಟ್ಟು ಬರಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಂತು.

ಪಂಚರ ಎದುರು ಮಾಸ್ತರರೇ, ಹೊರಬಂದಿದ್ದ ಆ ಮೂರನೇ ಹಾಡು ತೆರೆದರು. ಪರದೆಯ ಮೇಲೆ ತ್ಯಾಪಿಯ ಸಣ್ಣ ತುಂಡು. ಅದರ ಅಂಚು ಹಿಡಿದು ಎಡಕ್ಕೆ ಎಳೆದರು. ಕತ್ತರಿಸಿದಂತೆ ಕಾಣುತ್ತಿದ್ದ ಟೇಕ್ ಚಾಪೆ ಬಿಚ್ಚಿದಂತೆ ತನ್ನ ಮೊದಲಿನ ತನಕ ಬಿಚ್ಚಿಕೊಂಡಿತು. ಕಂಪ್ಯೂಟರಿನ ಸ್ಪೀಕರಿನಿಂದ ತುಂಬಿದ, ದುಂಡಗಿನ ದನಿಯೊಂದು ಬಂತು.

"ಮಯೂರಿ, ಗಡಹಿಂಗ್ಲಜ. ಮೂರನೇ ಹಾಡು." ಆಮೇಲೆ ನಗು. "ಮಾಸ್ತರ, ಬಳಿ ಸದ್ದಾಗ್ತದೇನ್ರಿ?"

ಹನ್ನೊಂದು ಸೆಕೆಂಡು. ಹೊಸ್ತಿಲಲ್ಲಿದ್ದವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಉಳದ ಹಾಡಿನಾಗ ಹಿಂಗ ಈಕಿ ಹೆಸರು ಹೇಳಿದ್ದು ಐತೇನು?"

"ಹಾಡಷ್ಟ ಬ್ಯಾರೆ ಫೈಲ್ ಮಾಡಿ, ಹೆಸರಿದ್ದದ್ದೆಲ್ಲಾ ಒರಸೇನ್ರಿ. ಇದೊಂದು ಉಳೀತು."

ಮರೆತು ಉಳಿಯಿತೋ, ಕೈ ಬಾರದೆ ಉಳಿಯಿತೋ, ಕಾಂಚನ ಕೇಳಲಿಲ್ಲ. ಕೇಳಿ ಆಗಬೇಕಾದ್ದೂ ಏನಿರಲಿಲ್ಲ.

"ಇನ್ನೊಮ್ಮೆ ಹಚ್ರಿ," ಎಂದಳು ಮಯೂರಿ.

ಇನ್ನೊಮ್ಮೆ ಹಚ್ಚಿದರು. ಆಮೇಲೆ ಪಂಚರು ಸಹಿ ಮಾಡಿದರು. ಕಂಪ್ಯೂಟರಿಗೂ ಡಿಸ್ಕಿಗೂ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಮುದ್ದೆಮಾಲು. ಕೋರ್ಟು ಬಿಡುವ ತನಕ ಠಾಣೆಯ ಕಪಾಟಿನಲ್ಲಿ.

"ಎಷ್ಟ ದಿನ?" ಎಂದು ಮಯೂರಿ ಕೇಳಿದಳು.

"ವರ್ಷಗಟ್ಲೆ ಆಗಬಹುದು. ನಾ ಅರ್ಜಿ ಹಾಕ್ತೇನವಾ," ಎಂದಳು ಕಾಂಚನ. ತನ್ನ ಮಾತು ತನಗೇ ಟೊಳ್ಳೆನಿಸಿತು.

ಜೀಪಿಗೆ ಹೋಗುವ ದಾರಿ ಶೆಡ್ಡಿನ ಒಳಗಿಂದಲೇ. ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ನೇಕಾರ ಅಲ್ಲಪ್ಪ ಇಯರ್‌ಫೋನ್ ಸಿಕ್ಕಿಸಿಕೊಂಡು ತಲೆದೂಗುತ್ತಿದ್ದ. ಮಯೂರಿಯನ್ನು ಕಂಡು ಒಂದು ಕಿವಿಯದನ್ನು ತೆಗೆದು ಅವಳತ್ತ ಚಾಚಿದ.

"ಈ ಹಾಡು ಕೇಳಿಯೇನವಾ?" ಎಂದು ಕೂಗಿದ. "ಸಾಯಲೀದು. ಏನ್ ಹಾಡ್ಯಾಳಂತಿ!"

ಮಯೂರಿ ಬಾಯಿ ತೆರೆದಳು. ಏನೋ ಹೇಳಿದಳು. ಕತ್ತಿನ ನರ ಉಬ್ಬುವಂತೆ ಇನ್ನೊಮ್ಮೆ ಹೇಳಿದಳು.

"ಆಂ?" ಎಂದ ಅಲ್ಲಪ್ಪ. ಮಗ್ಗಗಳ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ.