ಅಳಿಸಿದ ಕ್ಯಾಸೆಟ್ಟಿನ ತಾಳ

ಆ ಕ್ಯಾಸೆಟ್ಟನ್ನು ಅಳಿಸುವುದಿಲ್ಲವೆಂದು ಮಗ ಗೋಪೀನಾಥನಿಗೆ ಮಾತು ಕೊಟ್ಟಿದ್ದೆ. ಇಪ್ಪತ್ತು ವರ್ಷದಿಂದ ಹಾಡುತ್ತಿದ್ದ ಯಾವುದೋ ಇಂಗ್ಲಿಷ್ ರಾಕ್ ತಂಡದ ಹೆಸರಾದ ಹಾಡುಗಳನ್ನೆಲ್ಲ ಆರಿಸಿ, ರಾಜಾಜಿನಗರದ ಅಂಗಡಿಯೊಂದರಲ್ಲಿ ತುಂಬಿಸಿಕೊಂಡು ಬಂದಿದ್ದ. ಅದರ ಮೇಲೆ ಯಾರೂ ಬೇರೇನೂ ತುಂಬದಿರಲೆಂದು ಅಂಚಿನ ಎರಡು ಪ್ಲಾಸ್ಟಿಕ್ ಚೂರನ್ನೂ ಮುರಿದಿದ್ದ. ಕಬ್ಬಿಣದ ಮಂಚದ ಸರಳಿಗೆ ಬೆರಳು ಬಡಿಯುತ್ತ ಕೇಳುತ್ತಿದ್ದ.

ಎಂಬತ್ತಾರನೇ ಇಸವಿಯಲ್ಲಿ ಜ್ವರ ಬಂದು ಹೋಗಿಬಿಟ್ಟ.

ಭಾನುವಾರಗಳಲ್ಲಿ ನಾನದನ್ನು ಹಾಕುತ್ತಿದ್ದೆ. "ಆ ಅರಚಾಟ ಕೇಳಿದ್ರೆ ಅವನ್ನ ಊಟಕ್ಕೆ ಕರೆಯೋಕೆ ಬಾಯಿ ತೆರೆದುಬಿಡ್ತೀನಿ ಕಣ್ರೀ. ಅಳಿಸ್ಬಿಡಿ," ಎಂದಳು ಹೆಂಡತಿ ಅಂಬುಜಾ.

ಮುರಿದ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿ, ಅವಳಿಂದಲೇ ದೇವರನಾಮ ಹಾಡಿಸಿ ಅದರ ಮೇಲೆ ತುಂಬಿದೆ.

ಮಧ್ಯಾಹ್ನ ಹಾಕಿ ಕೇಳಿದೆವು. ಅವಳ ದನಿಯ ಹಿಂದೆ ಟಣ್ ಟಣ್ ಎಂದು ತಾಳ.

"ತಾಳ ನೀವು ಹಾಕಿದ್ರಾ?"

"ಇಲ್ವಲ್ಲೇ."

ಟೇಪ್ ನಿಲ್ಲಿಸಿದೆ. ತಾಳ ನಿಲ್ಲಲಿಲ್ಲ. ಸದ್ದು ಬರುತ್ತಿದ್ದ ಮಗನ ಮಂಚದ ಸರಳನ್ನು ಮುಟ್ಟಿದೆ; ಏಪ್ರಿಲ್ ಸೆಕೆಯಲ್ಲೂ ಅದು ಕೈಗೆ ತಣ್ಣಗೆ ತಾಗಿತು. ಅಂಬುಜಾ ಮಂಚದ ಪಕ್ಕ ಕೂತು, ಆ ತಾಳಕ್ಕೆ ಸರಿಯಾಗಿ ಅದೇ ದೇವರನಾಮವನ್ನು ಮೊದಲಿಂದ ಹಾಡಿದಳು. ಹಾಡು ಮುಗಿದಾಗ ತಾಳವೂ ನಿಂತಿತು. ಆಮೇಲೆ ಎಂದೂ ಕೇಳಿಸಲಿಲ್ಲ.

ಮಗನಿಗೆ ಕೊಟ್ಟ ಮಾತನ್ನು ನಾನು ಮುರಿದಿದ್ದೆ.